ಇಂಗ್ಲಿಷಿನ ಅವಳಿ ಶಬ್ದಗಳು

ರೂಪದಲ್ಲಿ ಒಂದನ್ನೊಂದು ಹೋಲುತ್ತ ಅರ್ಥದಲ್ಲಿ ಮಾತ್ರ ದೂರ ದೂರವಾಗಿ ನಿಲ್ಲುವ ಶಬ್ದಗಳು ಎಲ್ಲ ಭಾಷೆಗಳಲ್ಲಿಯೂ ಉಂಟು. ಕನ್ನಡದಲ್ಲಿ ಹಕಾರವೊಂದು ಜಾರಿದರೆ ಮರದ ಮೇಲಿನ ಹಕ್ಕಿ ಮಡಕೆಯೊಳಗಿನ ಅಕ್ಕಿಯಾಗುವುದು. ಮಹಾಪ್ರಾಣವೊಂದು ಸಡಿಲಿದರೆ ಪೆಟ್ಟಿಗೆಯ ಧನ ಕೊಟ್ಟಿಗೆಯ ದನವಾಗುವುದು. ಸಂಸ್ಕೃತದಲ್ಲಿ ಒಬ್ಬ ತಂದೆ ಮಗನಿಗೆ ಹೇಳಿದ ಬುದ್ಧಿವಾದವೊಂದು ಪ್ರಸಿದ್ಧವಾಗಿದೆ. ಹೆಚ್ಚು ಓದದಿದ್ದರೂ ಚಿಂತೆಯಿಲ್ಲ, ವ್ಯಾಕರಣವನ್ನಾದರೂ ಕಲಿತುಕೊ ಎಂದು ಆತನು ಹೇಳುತ್ತಾನೆ. ಏತಕ್ಕೆಂದರೆ ಸಕಾರದ ಜಾಗದಲ್ಲಿ ಶಕಾರ ಬಂದರೆ ‘ಸ್ವಜನ’ರಾದ ಬಂಧುಗಳು ‘ಶ್ವಜನ’ವಾಗಿ ನಾಯಿಗಳ ಗುಂಪಿಗೆ ಸೇರುವರು, ಎಲ್ಲವೂ ಎಂಬರ್ಥದ ‘ಸಕಲ’ವು ಚೂರು ಎಂಬರ್ಥದ ‘ಶಕಲ’ವಾಗುವುದು, ಒಂದು ಸಲ ಎಂಬ ‘ಸಕೃತ್’ ಎಂಬ ಮಾತು ‘ಶಕೃತ್’ ಎಂದಾಗಿ ಸಗಣಿಯಲ್ಲಿ ಬೀಳುವುದು. ಆ ತಂದೆ ಇಂದಿನ ಕಾಲದಲ್ಲಿ ನಮ್ಮ ನಾಡಿನಲ್ಲಿ ಸಂಸಾರ ಹೂಡಿದ್ದರೆ ಇಂಗ್ಲಿಷಿನ ವಿಷಯದಲ್ಲಿಯೂ ಇದೇ ಮಾತನ್ನು ಹೇಳುತ್ತಿದ್ದನೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ನಾವು ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿ ಈಗ ವಿಶ್ರಾಂತರಾಗಿದ್ದೇವೆ. ನಮ್ಮ ಮೊದಲ ವಿದ್ಯೆ ಸಂಸ್ಕೃತ. ಶಬ್ದ, ಅಮರ, ಕೌಮುದಿಗಳ ದಾರಿಯಿಂದ ಬಂದವರು ನಾವು. ಆದರೆ ಸಣ್ಣ ಊರಿನ ಶಾಲೆಗಳಲ್ಲಿ ಇಂಗ್ಲಿಷಿನ ಉಪಾಧ್ಯಾಯರಿಗೆ ವರ್ಗವಾದಾಗಲೆಲ್ಲ ಆ ತರಗತಿಗಳು ಉಳಿದವರ ಪಾಲಿಗೆ ಬರುವುದು ವಾಡಿಕೆ. ಹಾಗೆ ನಮ್ಮ ಪಾಲಿಗೂ ಅನೇಕ ವರ್ಷ ಬಂದುವು. ಆಗ ಹುಡುಗರ ಪುಸ್ತಕಗಳನ್ನು ತಿದ್ದುತ್ತ ಕಂಡುಕೊಂಡ ಕೆಲವು ಉಪಾಯಗಳನ್ನು, ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಪಾಠ ನೋಡುವ ತಂದೆತಾಯಿಗಳಿಗೆ ನೆರವಾದೀತೆಂದು ಇಲ್ಲಿ ಒಪ್ಪಿಸುತ್ತೇವೆ.

ಮೊದಲು ರೋಗದ ಮೂಲವನ್ನು ತಿಳಿಯಬೇಕು. ಕನ್ನಡದ ಮಗುವಿಗೆ ಕಾಗುಣಿತ ಬಂದಿತೆಂದರೆ ಬರವಣಿಗೆ ಬಹುಮಟ್ಟಿಗೆ ಬಂದಂತೆಯೇ. ಕಿವಿಗೆ ಕೇಳಿದ್ದನ್ನು ಕೈ ಬರೆಯುತ್ತದೆ. ಇಂಗ್ಲಿಷಿನಲ್ಲಿ ಕಿವಿಯನ್ನು ನಂಬಿದವನು ಕೆಟ್ಟ. ಇದಕ್ಕೆ ಕಾರಣ ಆ ಭಾಷೆಯ ಚರಿತ್ರೆಯಲ್ಲಿದೆ. ವಿಲಿಯಂ ಕ್ಯಾಕ್ಸ್‌ಟನ್ ಎಂಬಾತನು ೧೪೭೬ರಲ್ಲಿ ಲಂಡನ್ನಿನ ಬಳಿಯ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟವನ್ನು ತೆರೆದನು. ಅಚ್ಚಿನ ಪುಸ್ತಕಗಳು ಹರಡಿದಂತೆಲ್ಲ ಅಕ್ಷರಗಳು ನಿಲುಗಡೆಗೆ ಬಂದುವು, ನಾಲಗೆಯಾದರೋ ನಿಲ್ಲಲಿಲ್ಲ. ಮುಂದಿನ ಎರಡು ಮೂರು ಶತಮಾನಗಳಲ್ಲಿ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ತಮ್ಮ ಜಾಗವನ್ನು ಬಿಟ್ಟು ಕದಲಿದುವು. ಮಾಂಸ ಎಂಬರ್ಥದ ‘ಮೀಟ್’ ಮತ್ತು ಸಂಧಿಸು ಎಂಬರ್ಥದ ‘ಮೀಟ್’ ಹಿಂದೆ ಬೇರೆ ಬೇರೆ ಧ್ವನಿಗಳಾಗಿದ್ದು, ಆಮೇಲೆ ಬಾಯಲ್ಲಿ ಒಂದಾದುವು, ಕಾಗದದ ಮೇಲೆ ಎರಡಾಗಿಯೇ ಉಳಿದುವು. ವೀರಭಟನೆಂಬರ್ಥದ ‘ನೈಟ್’ ಶಬ್ದದ ಮೊದಲಿನ ಕೆ ಅಕ್ಷರವನ್ನು ಪೂರ್ವದಲ್ಲಿ ಉಚ್ಚರಿಸುತ್ತಿದ್ದರು; ಧ್ವನಿ ಸತ್ತರೂ ಅಕ್ಷರ ಬದುಕಿದೆ. ೧೭೫೫ರಲ್ಲಿ ಸ್ಯಾಮ್ಯುಯಲ್ ಜಾನ್ಸನ್ ಪಂಡಿತನ ನಿಘಂಟು ಹೊರಬರುವ ಹೊತ್ತಿಗೆ ಇಂತಹ ರೂಪಗಳು ಬಹುಮಟ್ಟಿಗೆ ಗಟ್ಟಿಯಾಗಿದ್ದುವು. ಆದುದರಿಂದ ನಮ್ಮ ಮಗು ತಪ್ಪಿದರೆ ಅದರ ಬುದ್ಧಿ ಮಂದವೆಂದು ತಿಳಿಯಬಾರದು. ಇಂಗ್ಲೆಂಡಿನ ಮಗುವೂ ಅದೇ ಕಲ್ಲನ್ನು ಎಡವುತ್ತದೆ.

ಮೂಲವನ್ನು ಬಲ್ಲವನಿಗೆ ಔಷಧವೂ ಅಲ್ಲಿಯೇ ದೊರೆಯುತ್ತದೆ. ನಮ್ಮ ಪೇಟೆಗಳಲ್ಲಿ ಪುಸ್ತಕ, ಕಾಗದ, ಲೇಖನಿಗಳನ್ನು ಮಾರುವ ಅಂಗಡಿಗಳ ಹಲಗೆಯನ್ನು ವಾಚಕರು ನೋಡಿಯೇ ಇರುವರು. ‘ಸ್ಟೇಷನರಿ’ ಎಂದು ಬರೆಯುವಾಗ ಕೊನೆಯಲ್ಲಿ ಇ-ಆರ್-ವೈ ಬರಬೇಕಾದಲ್ಲಿ ಎ-ಆರ್-ವೈ ಬರೆದಿರುವ ಹಲಗೆಗಳು ಒಂದೆರಡಲ್ಲ. ಎ ಅಕ್ಷರದ ‘ಸ್ಟೇಷನರಿ’ ಎಂದರೆ ಅಲುಗಾಡದೆ ನಿಂತದ್ದು ಎಂದರ್ಥ. ಅಂಗಡಿ ಅಲುಗಾಡುವುದಿಲ್ಲವೆಂಬುದೇನೋ ನಿಜ. ಆದರೆ ಅದನ್ನು ಹಲಗೆಯಲ್ಲಿ ಸಾರುವ ಅಗತ್ಯವಿರಲಿಲ್ಲ! ಇದರಲ್ಲಿ ಒಂದು ಚಮತ್ಕಾರವುಂಟು. ಈ ಎರಡು ಶಬ್ದಗಳೂ ಒಂದೇ ತಾಯಿಯ ಮಕ್ಕಳು. ಹಿಂದೆ ಯೂರೋಪಿನಲ್ಲಿ ಸರಕನ್ನು ಹೊತ್ತು ತಿರುಗಿ ಮಾರುವವರೇ ಬಹಳ. ವಿದ್ಯಾಪೀಠಗಳ ಬಳಿ ಒಂದೆಡೆ ನೆಲೆಯಾಗಿ ಕುಳಿತು ಪುಸ್ತಕ ಮಾರುವವನನ್ನು ಮಾತ್ರ, ಒಂದೆಡೆ ನಿಂತವನು ಎಂಬ ಅರ್ಥದಲ್ಲಿ, ‘ಸ್ಟೇಷನರ್’ ಎಂದು ಕರೆದರು. ಅವನು ಮಾರುವ ಸರಕು ‘ಸ್ಟೇಷನರಿ’ ಆಯಿತು. ಇವೆರಡಕ್ಕೂ ಮೂಲವಾದ ಲ್ಯಾಟಿನ್ ಧಾತು ನಮ್ಮ ‘ಸ್ಥಾ’ ಧಾತುವಿನ ಒಡಹುಟ್ಟು. ಸ್ಥಾನ, ಸ್ಥಿರ, ಸ್ಥಾವರಗಳೂ ‘ಸ್ಟೇಷನ್’ ಎಂಬುದೂ ಹೀಗೆ ದಾಯಾದಿಗಳು. ಮಕ್ಕಳಿಗೆ ಇಷ್ಟನ್ನು ಹೇಳಿ ಉಪಾಯವನ್ನು ಹೀಗೆ ತೋರಿಸಬಹುದು: ರೊಟ್ಟಿ ಸುಡುವವನು ಬೇಕರ್, ಅವನ ಅಂಗಡಿ ಬೇಕರಿ, ಕಾಗದ ಮಾರುವವನು ಸ್ಟೇಷನರ್, ಅವನ ಸರಕು ಸ್ಟೇಷನರಿ. ಎರಡರಲ್ಲಿಯೂ ಇ-ಆರ್-ವೈ. ಬೇಕರಿಯನ್ನು ಮರೆಯುವ ಮಗುವನ್ನು ನಾವು ಕಂಡಿಲ್ಲ.

ಇನ್ನೊಂದು ಜೋಡಿ ‘ಪ್ರಿನ್ಸಿಪಲ್’. ಕೊನೆಯಲ್ಲಿ ಎ-ಎಲ್ ಇದ್ದರೆ ಪ್ರಧಾನವಾದದ್ದು. ಎಲ್-ಇ ಇದ್ದರೆ ತತ್ತ್ವ, ನಿಯಮ. ಮೊದಲನೆಯದು ಹುಟ್ಟಿನಿಂದ ವಿಶೇಷಣ. ಪ್ರಧಾನ ಉಪಾಧ್ಯಾಯ ಎಂಬಲ್ಲಿ ಉಪಾಧ್ಯಾಯ ಎಂಬ ಮಾತು ಉದುರಿಹೋಗಿ ಕಾಲೇಜಿನ ಮುಖ್ಯಸ್ಥರಿಗೆ ಆ ಹೆಸರು ನಿಂತಿತು. ಪ್ರಧಾನ ಮೊತ್ತ ಎಂಬಲ್ಲಿ ಮೊತ್ತವು ಉದುರಿ ಸಾಲದ ಅಸಲಿಗೂ ಅದೇ ಹೆಸರು ಬಂದಿತು. ನಮ್ಮವರು ‘ಪ್ರಿನ್ಸಿಪಾಲರು’ ಎಂದು ದೀರ್ಘವಾಗಿ ಎಳೆಯುವುದು ಇಂಗ್ಲಿಷರ ಉಚ್ಚಾರಣೆಯಲ್ಲ; ಆದರೂ ಆ ದೀರ್ಘವು ಎ ಅಕ್ಷರವನ್ನು ನೆನಪಿಗೆ ತರುವುದರಿಂದ ಬರೆಯುವವನಿಗೆ ಉಪಕಾರಿ. ಬ್ಯಾಂಕಿನ ಕಾಗದವನ್ನು ಓದುವ ಗೃಹಸ್ಥರಿಗೆ ಇನ್ನೂ ಸುಲಭವಾದ ಗುರುತುಂಟು: ನಮ್ಮ ‘ಅಸಲ್’ ಎಂಬುದರ ತುದಿಯಲ್ಲಿರುವ ‘ಅಲ್’ ಅಲ್ಲಿಯೂ ಇದೆ. ತತ್ತ್ವದ ‘ಪ್ರಿನ್ಸಿಪಲ್’ ನಿಯಮವೆಂಬರ್ಥದ ‘ರೂಲ್’ ಶಬ್ದದಂತೆ ಎಲ್-ಇ ಎಂದು ಮುಗಿಯುತ್ತದೆ.

‘ಕಾಂಪ್ಲಿಮೆಂಟ್’ ಎಂಬುದೂ ಎರಡುಂಟು. ನಡುವೆ ಇ ಇದ್ದರೆ ಪೂರಕ. ಐ ಇದ್ದರೆ ಹೊಗಳಿಕೆಯ ಮಾತು. ಇವೂ ಒಂದೇ ಲ್ಯಾಟಿನ್ ಮೂಲದವು. ಆ ಮೂಲವು ನಮ್ಮ ‘ಪೂರ್ಣ’ ಶಬ್ದಕ್ಕೆ ನೆಂಟ. ಕೊರತೆಯನ್ನು ತುಂಬುವುದು ಒಂದು, ಶಿಷ್ಟಾಚಾರವನ್ನು ಪೂರೈಸುವುದು ಮತ್ತೊಂದು. ಪೂರ್ಣವೆಂಬರ್ಥದ ‘ಕಂಪ್ಲೀಟ್’ ಶಬ್ದದಲ್ಲಿರುವ ಇ ಅಕ್ಷರವನ್ನು ಪೂರಕದಲ್ಲಿ ಉಳಿಸಿಕೊಂಡರೆ ಸಾಕು. ಸೊಸೆಯ ಅಡಿಗೆಯನ್ನು ಅತ್ತೆ ಹೊಗಳಿದರೆ ಅದು ಐ ಅಕ್ಷರದ್ದು. ಅನ್ನಕ್ಕೆ ಸಾರು ಜೊತೆಯಾದರೆ ಅದು ಇ ಅಕ್ಷರದ್ದು.

ಇನ್ನು ಉಪಸರ್ಗಗಳ ಗೊಂದಲ. ಸಂಸ್ಕೃತ ಓದಿದವರಿಗೆ ಇದು ಪರಿಚಿತ ನೆಲ. ‘ಹೃ’ ಎಂಬ ಒಂದೇ ಧಾತುವಿನ ಮುಂದೆ ಉಪಸರ್ಗ ಬದಲಾದಂತೆಲ್ಲ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರಗಳು ಹುಟ್ಟುತ್ತವೆ. ಆಹಾರಕ್ಕೆ ಕರೆದು ಪ್ರಹಾರ ಮಾಡಿದರೆ ಯಾರೂ ಒಪ್ಪರು. ಇಂಗ್ಲಿಷಿನ ‘ಅಫೆಕ್ಟ್’, ‘ಎಫೆಕ್ಟ್’ ಎಂಬುವು ಇದೇ ಬಗೆಯವು. ಮಾಡು ಎಂಬರ್ಥದ ಒಂದೇ ಲ್ಯಾಟಿನ್ ಧಾತುವಿನ ಮೊದಲಿಗೆ, ಕಡೆಗೆ ಎಂಬರ್ಥದ ಉಪಸರ್ಗ ಸೇರಿ ಎ ಅಕ್ಷರದ್ದಾಯಿತು. ಹೊರಗೆ ಎಂಬರ್ಥದ ಉಪಸರ್ಗ ಸೇರಿ ಇ ಅಕ್ಷರದ್ದಾಯಿತು. ಮಳೆ ಪೈರಿನ ಮೇಲೆ ಪರಿಣಾಮ ಮಾಡುತ್ತದೆ ಎಂಬ ಕ್ರಿಯೆ ‘ಅಫೆಕ್ಟ್’. ಅದರಿಂದ ಹೊರಬಂದ ಫಲ ‘ಎಫೆಕ್ಟ್’. ಜಾರಿಗೆ ತರು ಎಂಬರ್ಥದಲ್ಲಿ ಎರಡನೆಯದೂ ಕ್ರಿಯಾಪದವಾಗುವುದುಂಟು. ಅದನ್ನು ಮೇಲಿನ ತರಗತಿಗೆ ಬಿಡಬಹುದು. ‘ಪ್ರಿಸ್ಕ್ರೈಬ್’ ಎಂದರೆ ವಿಧಿಸುವುದು, ‘ಪ್ರೋಸ್ಕ್ರೈಬ್’ ಎಂದರೆ ನಿಷೇಧಿಸುವುದು. ಪುರಾತನ ರೋಮಿನಲ್ಲಿ, ಕ್ರಿಸ್ತಪೂರ್ವ ೮೨ರಲ್ಲಿ ಅಧಿಕಾರ ಹಿಡಿದ ಸುಲ್ಲನೆಂಬವನು ತನ್ನ ವೈರಿಗಳ ಹೆಸರುಗಳನ್ನು ಸಾರ್ವಜನಿಕವಾಗಿ ಬರೆದು ಪ್ರಕಟಿಸಿದನು; ಆ ಪಟ್ಟಿಯಲ್ಲಿ ಹೆಸರು ಬಂದವನನ್ನು ಯಾರು ಬೇಕಾದರೂ ಕೊಲ್ಲಬಹುದಾಗಿತ್ತು. ‘ಪ್ರೋಸ್ಕ್ರೈಬ್’ ಎಂಬುದರ ಬೇರು ಅಲ್ಲಿದೆ. ವೈದ್ಯರು ಔಷಧವನ್ನು ವಿಧಿಸಿದರು ಎಂದು ಬರೆಯಹೊರಟು ಬಹಿಷ್ಕರಿಸಿದರು ಎಂದು ಬರೆಯುವುದಕ್ಕೆ ಒಂದೇ ಸ್ವರದ ಅಂತರ.

ನಾಮಪದವೊಂದು, ಕ್ರಿಯಾಪದವೊಂದು ಆಗಿರುವ ಜೋಡಿಗಳಿಗೆ ಒಂದು ಸೂತ್ರವನ್ನೇ ಕಟ್ಟಬಹುದು. ಬುದ್ಧಿವಾದ ಎಂಬ ನಾಮವಾದರೆ ‘ಅಡ್ವೈಸ್’, ಸಿ ಅಕ್ಷರ. ಬುದ್ಧಿ ಹೇಳು ಎಂಬ ಕ್ರಿಯೆಯಾದರೆ ಎಸ್ ಅಕ್ಷರ, ಉಚ್ಚಾರಣೆಯಲ್ಲಿ ಜಕಾರದ ಛಾಯೆ. ಆ ಧ್ವನಿ ನಮ್ಮ ವರ್ಣಮಾಲೆಯಲ್ಲಿ ಇಲ್ಲವಾದುದರಿಂದ ನಮ್ಮ ಮಕ್ಕಳ ಕಿವಿಗೆ ಎರಡೂ ಒಂದೇ ಆಗಿ ಕೇಳಿಸುತ್ತವೆ. ‘ಪ್ರಾಕ್ಟೀಸ್’, ‘ಲೈಸೆನ್ಸ್’ ಎಂಬಲ್ಲಿ ಉಚ್ಚಾರಣೆ ಭೇದವೂ ಇಲ್ಲ. ಆದರೂ ಸೂತ್ರ ಅದೇ: ನಾಮಕ್ಕೆ ಸಿ, ಕ್ರಿಯೆಗೆ ಎಸ್. ಇದು ಬ್ರಿಟಿಷರ ಸಂಪ್ರದಾಯ, ನಮ್ಮ ಶಾಲೆಗಳು ನಡೆಸಿಕೊಂಡು ಬಂದದ್ದು. ನೋವಾ ವೆಬ್‌ಸ್ಟರನ ೧೮೨೮ರ ನಿಘಂಟಿನ ಕಾಲದಿಂದ ತಮ್ಮದೇ ದಾರಿ ಹಿಡಿದ ಅಮೆರಿಕದವರು ಇಂದು ‘ಪ್ರಾಕ್ಟೀಸ್’ ಎಂಬುದಕ್ಕೆ ಎರಡು ಕಡೆಯೂ ಸಿ, ‘ಲೈಸೆನ್ಸ್’ ಎಂಬುದಕ್ಕೆ ಎರಡು ಕಡೆಯೂ ಎಸ್ ಬರೆಯುತ್ತಾರೆ. ಮಗಳು ಅಮೆರಿಕದಿಂದ ಹಾಗೆ ಬರೆದು ಕಳುಹಿಸಿದರೆ ತಂದೆ ಕೆಂಪು ಮಸಿಯನ್ನು ತೆಗೆಯಬೇಕಾದುದಿಲ್ಲ.

‘ಲೂಸ್’ ಎಂಬುದು ಕನ್ನಡಕ್ಕೆ ಬಂದು ಬಹಳ ಕಾಲವಾಯಿತು; ತಿರುಪು ಸಡಿಲವಾದರೂ ಲೂಸು, ತಲೆ ಸಡಿಲವಾದರೂ ಲೂಸು. ಈ ಸಡಿಲಕ್ಕೆ ಒ ಅಕ್ಷರ ಎರಡು. ಕಳೆದುಕೊಳ್ಳುವುದು ಎಂಬರ್ಥದ ಶಬ್ದಕ್ಕೆ ಒಂದೇ ಒ. ಇನ್ನೊಂದನ್ನು ಅದು ಕಳೆದುಕೊಂಡಿದೆ ಎಂದು ಹೇಳಿದರೆ ಮಗು ಮರೆಯುವುದಿಲ್ಲ. ‘ಕ್ವೈಟ್’ ಮತ್ತು ‘ಕ್ವಯಟ್’ ಎಂಬಲ್ಲಿ ತುದಿಯ ಎರಡು ಅಕ್ಷರಗಳು ಸ್ಥಳ ಬದಲಾಯಿಸುತ್ತವೆ; ಇ-ಟಿ ಎಂದು ಮುಗಿದರೆ ಮೌನ, ಟಿ-ಇ ಎಂದು ಮುಗಿದರೆ ಸಾಕಷ್ಟು.

ಮರುಭೂಮಿ ‘ಡೆಸರ್ಟ್’ ಎಂಬುದಕ್ಕೆ ಎಸ್ ಒಂದು. ಊಟದ ಕೊನೆಯ ಸಿಹಿಗೆ ಎಸ್ ಎರಡು. ಮೊದಲನೆಯದು ತೊರೆದುಬಿಡು ಎಂಬ ಲ್ಯಾಟಿನ್ ಮೂಲದ್ದು. ಎರಡನೆಯದು ಊಟದ ಮೇಜನ್ನು ತೆರವು ಮಾಡು ಎಂಬ ಫ್ರೆಂಚ್ ಮೂಲದ್ದು. ಹೋಳಿಗೆ ಒಂದೇ ಹಾಕಿಸಿಕೊಂಡು ಏಳುವವರು ನಮ್ಮಲ್ಲಿ ಕಡಮೆ. ಸಿಹಿಗೆ ಎರಡು ಎಂದರೆ ಮುಗಿಯಿತು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮರುಭೂಮಿಯಾದರೆ ಒತ್ತು ಮೊದಲ ಅಕ್ಷರದ ಮೇಲೆ. ಅದೇ ಅಕ್ಷರಗಳಲ್ಲಿ ಬರೆಯುವ ತೊರೆದುಹೋಗು ಎಂಬ ಕ್ರಿಯೆಗೂ ಸಿಹಿಗೂ ಒತ್ತು ಎರಡನೆಯದರ ಮೇಲೆ. ಸ್ವರ ಸ್ಥಾನ ಬದಲಾದರೆ ಅರ್ಥ ಬದಲಾಗುವುದು ವೇದ ಬಲ್ಲವರಿಗೆ ಹೊಸದಲ್ಲ. ಮಗನನ್ನು ಕಳೆದುಕೊಂಡ ತ್ವಷ್ಟೃವು ಇಂದ್ರನನ್ನು ಕೊಲ್ಲುವವನು ಹುಟ್ಟಲೆಂದು ಯಜ್ಞ ಮಾಡಿ, ‘ಇಂದ್ರಶತ್ರು’ ಎಂಬ ಪದದಲ್ಲಿ ಸ್ವರವನ್ನು ತಪ್ಪಿ ಉಚ್ಚರಿಸಿದನು; ಇಂದ್ರನನ್ನು ಕೊಲ್ಲುವವನು ಎಂಬ ಅರ್ಥ ಹೋಗಿ ಇಂದ್ರನಿಂದ ಕೊಲ್ಲಲ್ಪಡುವವನು ಎಂಬ ಅರ್ಥ ಬಂದಿತು; ಹುಟ್ಟಿದ ವೃತ್ರನು ಹಾಗೆಯೇ ಸತ್ತನು. ಪತಂಜಲಿಯು ಮಹಾಭಾಷ್ಯದ ಮೊದಲಲ್ಲಿಯೇ ಇದನ್ನು ನೆನಪಿಸುತ್ತಾನೆ.

ಇದೆಲ್ಲ ಪಂಡಿತರ ವಿನೋದವೆಂದು ವಾಚಕರು ತಿಳಿಯಬಾರದು. ಶಬ್ದಭೇದದಲ್ಲಿ ಪ್ರಾಣದ ಪ್ರಶ್ನೆಯೂ ಇರುವುದುಂಟು. ನಮ್ಮ ನೆರೆಯ ಮನೆಯಲ್ಲಿ ಒಬ್ಬ ವೃದ್ಧೆ ಸಕ್ಕರೆ ಕಾಯಿಲೆಗೆ ಆಸ್ಪತ್ರೆಯಲ್ಲಿದ್ದು, ಹೊಸ ಮಾತ್ರೆಗಳೊಡನೆ ಮನೆಗೆ ಬಂದರು. ಜೊತೆಗೆ ಕೊಟ್ಟ ಇಂಗ್ಲಿಷು ಕಾಗದದಲ್ಲಿ ‘ಹೈಪೋಗ್ಲೈಸೀಮಿಯಾ’ ಆದೀತು, ಎಚ್ಚರಿಕೆಯಿಂದಿರಬೇಕು ಎಂದು ಬರೆದಿತ್ತು. ಮನೆಯವರು ಅದನ್ನು ‘ಹೈಪರ್’ ಎಂದು ಓದಿಕೊಂಡು, ಸಕ್ಕರೆ ಏರುವ ಭಯವಿದೆಯೆಂದು ಸಕ್ಕರೆಯ ಡಬ್ಬಿಯನ್ನೇ ಅಟ್ಟಕ್ಕೆ ಏರಿಸಿದರು. ಮೂರನೆಯ ದಿನ ಸಂಜೆ ಆಕೆಗೆ ಬೆವರು ಕಿತ್ತುಕೊಂಡು ಕೈಕಾಲು ನಡುಗತೊಡಗಿದುವು. ಏನಾದರೂ ತಿನ್ನಲು ಕೊಡಿ ಎಂದು ಆಕೆ ಬೇಡುತ್ತಿದ್ದರೆ, ಸಕ್ಕರೆ ಏರಿದೆ, ಏನೂ ಕೊಡಕೂಡದು ಎಂದು ಮನೆಯವರು ತಡೆಯುತ್ತಿದ್ದರು. ಹೈಸ್ಕೂಲಿನಲ್ಲಿ ಓದುವ ಮೊಮ್ಮಗಳು ಕಾಗದವನ್ನು ಹಿಡಿದು ನಮ್ಮಲ್ಲಿಗೆ ಓಡಿಬಂದು, “ಮೇಷ್ಟ್ರೇ, ಇದು ಪಿ-ಒ ಅಲ್ಲವೇ? ಅಪ್ಪ ಪಿ-ಇ-ಆರ್ ಅಂತಾರೆ” ಎಂದಳು. ಮಗು ಹೇಳಿದ್ದೇ ಸರಿ. ಅದೇ ಉಸಿರಿನಲ್ಲಿ ಹೋಗಿ ಸಕ್ಕರೆ ಕದಡಿದ ನೀರನ್ನು ಕುಡಿಸಿದೆವು. ಆಸ್ಪತ್ರೆಗೆ ಫೋನು ಮಾಡಿದೆವು. ಕಾಲು ಗಂಟೆಯಲ್ಲಿ ಆಕೆ ಚೇತರಿಸಿಕೊಂಡರು. ಇನ್ನಷ್ಟು ಹೊತ್ತು ಕಳೆದಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈ ಜೋಡಿಯನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಗ್ರೀಕಿನ ‘ಹೈಪರ್’ ನಮ್ಮ ‘ಉಪರಿ’ಯ ಒಡಹುಟ್ಟು, ‘ಹೈಪೋ’ ನಮ್ಮ ‘ಉಪ’ದ ಒಡಹುಟ್ಟು. ಉಪರಿ ಎಂದರೆ ಮೇಲೆ. ಉಪಾಧ್ಯಕ್ಷನು ಅಧ್ಯಕ್ಷನಿಗಿಂತ ಕೆಳಗೆ. ಉಪರಿಯಲ್ಲಿ ರಕಾರವಿದೆ, ಹೈಪರ್ ಎಂಬುದರಲ್ಲಿಯೂ ರಕಾರವಿದೆ. ರಕಾರವಿದ್ದರೆ ಏರಿಕೆ, ಇಲ್ಲದಿದ್ದರೆ ಇಳಿಕೆ. ರಕ್ತದೊತ್ತಡದ ‘ಹೈಪರ್‌ಟೆನ್ಷನ್’, ‘ಹೈಪೋಟೆನ್ಷನ್’ ಎಂಬುವಕ್ಕೂ ಇದೇ ಗುರುತು. ಸಕ್ಕರೆ ಇಳಿದಾಗ, ಎಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ ೭೦ ಮಿಲಿಗ್ರಾಮಿಗಿಂತ ಕಡಮೆಯಾದಾಗ, ಸಾಮಾನ್ಯವಾಗಿ ಬೆವರು, ನಡುಕ, ಹಸಿವು ತೋರುತ್ತವೆ; ಏರಿದಾಗ ಬಾಯಾರಿಕೆ ಮತ್ತು ಮೇಲಿಂದ ಮೇಲೆ ಮೂತ್ರ. ಇಳಿದವರಿಗೆ, ಎಚ್ಚರವಿದ್ದು ನುಂಗಬಲ್ಲವರಾದರೆ, ಕೂಡಲೆ ಸಕ್ಕರೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ವೈದ್ಯರಲ್ಲಿಗೆ ಒಯ್ಯಬೇಕು.

ಔಷಧಗಳ ಹೆಸರುಗಳಲ್ಲಿಯೂ ಇಂತಹ ಅವಳಿಗಳುಂಟು. ‘ಹೈಡ್ರಾಲಜೀನ್’ ರಕ್ತದೊತ್ತಡವನ್ನು ಇಳಿಸುವುದು. ‘ಹೈಡ್ರಾಕ್ಸಿಜೀನ್’ ತುರಿಕೆಗೂ ಕಳವಳಕ್ಕೂ ಕೊಡುವುದು. ಇಂತಹ ಹೆಸರುಗಳಲ್ಲಿ ಭಿನ್ನವಾದ ಭಾಗವನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿ ಅಚ್ಚುಮಾಡಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯವರು ೨೦೦೧ರಲ್ಲಿ ತಯಾರಕರನ್ನು ಕೇಳಿಕೊಂಡರು. ನಮ್ಮ ಹಳೆಯ ಉಪಾಧ್ಯಾಯರು ಕರಿಹಲಗೆಯ ಮೇಲೆ ಭೇದವಿರುವ ಒಂದು ಅಕ್ಷರವನ್ನು ಮಾತ್ರ ಕೆಂಪು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದುದೂ ಇದೇ ಉಪಾಯವೇ ಅಲ್ಲವೆ?

ಈಗ ಫೋನು, ಕಂಪ್ಯೂಟರುಗಳೇ ತಪ್ಪನ್ನು ತಿದ್ದುತ್ತವಲ್ಲ, ಈ ಶ್ರಮವೇಕೆ ಎಂದು ಕೆಲವರು ಕೇಳುವರು. ನಿಘಂಟಿನಲ್ಲಿಲ್ಲದ ರೂಪವನ್ನು ಯಂತ್ರವು ಕೂಡಲೆ ಹಿಡಿಯುವುದು ನಿಜ. ಆದರೆ ಅವಳಿಗಳೆರಡೂ ನಿಘಂಟಿನಲ್ಲಿರುವ ಶುದ್ಧ ಶಬ್ದಗಳೇ ಆದುದರಿಂದ ಒಂದರ ಪೀಠದಲ್ಲಿ ಇನ್ನೊಂದು ಕುಳಿತರೆ ಯಂತ್ರವು ಎಷ್ಟೋ ಸಲ ಸುಮ್ಮನಿರುತ್ತದೆ. ಈಚಿನವು ಸಂದರ್ಭವನ್ನೂ ನೋಡಿ ಸೂಚಿಸುತ್ತವೆ. ಆ ಸೂಚನೆ ಸರಿಯೋ ತಪ್ಪೋ ಎಂಬುದನ್ನು ತಿಳಿಯಲು ಮತ್ತೆ ಮನುಷ್ಯನೇ ಬೇಕು.

ಕಲಿಸುವ ಕ್ರಮವನ್ನು ಕುರಿತು ಎರಡು ಮಾತು. ಅವಳಿಗಳನ್ನು ಒಂದೇ ದಿನ ಹೇಳಿಕೊಡಬಾರದು. ಒಂದು ಮನಸ್ಸಿನಲ್ಲಿ ನೆಲೆಯೂರಿ ಹತ್ತು ವಾಕ್ಯಗಳಲ್ಲಿ ಬಳಕೆಯಾದ ಮೇಲೆ ಇನ್ನೊಂದನ್ನು ತರಬೇಕು; ಎರಡನ್ನೂ ಒಟ್ಟಿಗೆ ತಂದರೆ ಗೊಂದಲವನ್ನೇ ಕಲಿಸಿದಂತಾಗುವುದು. ಶಬ್ದವನ್ನು ಒಂಟಿಯಾಗಿ ಕೊಡದೆ ಮನೆಯ ಮಾತಿನ ವಾಕ್ಯದಲ್ಲಿ ಕೊಡಬೇಕು. ಬಾಯಲ್ಲಿ ಅಕ್ಷರ ಹೇಳಿಸಿ ಕೈಯಲ್ಲಿ ಬರೆಯಿಸಬೇಕು.

ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪಿದವರನ್ನು ನಗಬಾರದು. ನಮ್ಮ ವಿದ್ಯಾರ್ಥಿನಿಯೊಬ್ಬಳು, ವಂಶದಲ್ಲಿಯೇ ಮೊದಲು ಅಕ್ಷರ ಕಲಿತವಳು, ಪಟ್ಟಣದ ಒಂದು ಸಂಸ್ಥೆಗೆ ಕೆಲಸಕ್ಕಾಗಿ ಬರೆದ ಅರ್ಜಿಯಲ್ಲಿ ಪ್ರಿನ್ಸಿಪಾಲರನ್ನು ಎಲ್-ಇ ಎಂದು ಮುಗಿಸಿದ್ದಳು. ಸಂದರ್ಶನಕ್ಕೆ ಕುಳಿತ ಮಹನೀಯರೊಬ್ಬರು ಅದನ್ನು ಎತ್ತಿ ಹಿಡಿದು ಎಲ್ಲರ ಮುಂದೆ ನಕ್ಕರಂತೆ. ಆಕೆಯ ಲೆಕ್ಕದ ಜ್ಞಾನವನ್ನು ಯಾರೂ ಕೇಳಲಿಲ್ಲ. ಲೆಕ್ಕದಲ್ಲಿ ಆಕೆ ನಮ್ಮ ಶಾಲೆಗೇ ಮೊದಲಿಗಳಾಗಿದ್ದಳು. ಆಮೇಲೆ ಎರಡು ವರ್ಷ ಆಕೆ ಇಂಗ್ಲಿಷಿನಲ್ಲಿ ಒಂದು ಸಾಲನ್ನೂ ಬರೆಯಲಿಲ್ಲವೆಂದು ನಮಗೆ ತಿಳಿದಾಗ ಬಹಳ ವ್ಯಸನವಾಯಿತು. ಅಕ್ಷರವೊಂದರ ತಪ್ಪನ್ನು ಅರ್ಧ ಗಳಿಗೆಯಲ್ಲಿ ತಿದ್ದಬಹುದು. ನಗೆಯಿಂದಾದ ಗಾಯವನ್ನು ವರ್ಷಗಳು ಕಳೆದರೂ ತಿದ್ದಲಾಗದು. ಆಕೆಯನ್ನು ಕರೆಯಿಸಿ ಅಸಲಿನ ಉಪಾಯವನ್ನು ಹೇಳಿದಾಗ, “ಇಷ್ಟೇನಾ ಸಾರ್?” ಎಂದು ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಈಗ ಆಕೆ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಾಳೆ. ಅಸಲು, ಬಡ್ಡಿಗಳ ಕಾಗದಗಳೇ ಆಕೆಯ ದಿನದ ಕೆಲಸ.

ಭಾಷೆ ಪರರದು, ಅದರ ತೊಡಕುಗಳು ನಾವು ಮಾಡಿದುವಲ್ಲ. ಆದರೂ ಅದು ನಮ್ಮ ಮನೆಯ ಔಷಧದ ಚೀಟಿಗೆ, ಸಾಲದ ಪತ್ರಕ್ಕೆ, ಮಕ್ಕಳ ಅರ್ಜಿಗೆ ಬಂದು ಕುಳಿತ ಮೇಲೆ ಅದರ ಅಕ್ಷರಗಳನ್ನು ವಿಚಾರಿಸಿ ನೋಡುವುದು ಗೃಹಸ್ಥಧರ್ಮವೇ ಸರಿ. ದಿನಕ್ಕೊಂದು ಶಬ್ದ ಸಾಕು. ಬೆಳಗ್ಗೆ ಪತ್ರಿಕೆ ಓದುವಾಗಲೋ ಸಂಜೆ ಮಕ್ಕಳ ಪುಸ್ತಕವನ್ನು ತೆರೆದಾಗಲೋ ಸಂದೇಹ ಬಂದ ಒಂದು ಶಬ್ದವನ್ನು ನಿಘಂಟಿನಲ್ಲಿ ನೋಡಿ, ಭೇದವಿರುವ ಅಕ್ಷರಕ್ಕೆ ಒಂದು ಕೆಂಪು ಗೆರೆ ಎಳೆದಿಟ್ಟರೆ, ವರ್ಷ ತುಂಬುವುದರೊಳಗೆ ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಒಟ್ಟಿಗೆ ಕಲಿತಿರುತ್ತಾರೆ.